ಕೆಂಗೇರಿಯ ಚಿಕ್ಕಜ್ಜಿಗೆ ಹೇಳಿ ಹೊರಟದ್ದು

ನಾನು ಇಂಗ್ಲೆಂಡಿಗೆ ಹೋಗುತ್ತೇನೆಂದು ಗೊತ್ತಾದ ಮೇಲೆ ನಮ್ಮ ಮನೆಯಲ್ಲಿ ಅಳು ಶುರುವಾಗುವುದಕ್ಕೆ ಮೂರು ದಿನ ಹಿಡಿಯಿತು. ಮೊದಲ ಮೂರು ದಿನ ಯಾರೂ ನಂಬಲಿಲ್ಲ. ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಕೆಲಸ ಕಲಿತು ಅಲ್ಲೇ ಎರಡು ವರ್ಷ ದುಡಿದಿದ್ದೆ. ಮೇಟ್ರನ್ ಹೇಳಿದರೆಂದು ಒಂದು ಅರ್ಜಿ ಹಾಕಿದ್ದೆ. ಅಲ್ಲಿಯ ಆಸ್ಪತ್ರೆಯೊಂದರಿಂದ ಬಾ ಎಂದು ಕಾಗದ ಬಂದಿತ್ತು. ನಾಲ್ಕನೆಯ ದಿನ ಅಪ್ಪ ಫ್ಯಾಕ್ಟರಿಯಿಂದ ಬರುವಾಗ ಹೊಸ ಟ್ರಂಕೊಂದನ್ನು ತಲೆಯ ಮೇಲೆ ಹೊತ್ತು ತಂದ. ಟ್ರಂಕು ನೋಡಿದ್ದೇ ತಡ, ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಅಜ್ಜಿ ಮಾತ್ರ ಅಳಲಿಲ್ಲ. ಅವಳು ಅಪ್ಪನ ತಾಯಿ. ಟ್ರಂಕಿನ ಮುಚ್ಚಳ ತೆಗೆದು ಒಳಗೆ ಮೂಸಿ ನೋಡಿ, "ಹೋಗೋಕೆ ಮುಂಚೆ ಎಲ್ಲಾರ್ ಮನೇಗೂ ಹೋಗಿ ಹೇಳ್ಬಿಟ್ಟು ಬಾ. ಆಮೇಲೆ ಅವಳು ಹೇಳ್ದೇ ಹೋದ್ಲು ಅಂತ ನನ್ನ ತಿಂತಾರೆ" ಅಂದಳು.

ನಾವು ಮೂಲತಃ ಅತ್ತಿಗುಪ್ಪೆಯವರು. ಅಪ್ಪನಿಗೆ ಕೆಲಸ ಸಿಕ್ಕಿದ ಮೇಲೆ ರಾಜಾಜಿನಗರದ ಹೊಸ ಬಡಾವಣೆಗೆ ಬಂದಿದ್ದೆವು. ಆಗ ಅಲ್ಲಿ ಮನೆಗಳಿಗಿಂತ ಲಂಟಾನದ ಪೊದೆಗಳೇ ಹೆಚ್ಚು. ನೆಂಟರೆಲ್ಲ ಊರಿನಲ್ಲೇ ಉಳಿದಿದ್ದರು. ನಾನು ಹೋದಾಗ ದೊಡ್ಡಪ್ಪ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ.

"ಅಲ್ಲಿ ರಾಗಿ ಸಿಗ್ತದಾ?"

"ಇಲ್ಲ ದೊಡ್ಡಪ್ಪ."

"ಮತ್ತೆ ಮಧ್ಯಾಹ್ನ ಏನ್ ಉಣ್ತಾರೆ?"

"ಬ್ರೆಡ್ಡು, ಆಲೂಗೆಡ್ಡೆ."

ದೊಡ್ಡಪ್ಪನ ಕೈ ನಿಂತಿತು. "ಅದನ್ನ ತಿನ್ಕೊಂಡು ನಮ್ಮನ್ನ ಅಷ್ಟು ವರ್ಷ ಹೆಂಗೆ ಆಳಿದ್ರು?" ಅಂದ. ಹೊರಡುವಾಗ ಮುದ್ದೆ ತಿರುವುವ ಒಂದು ಕೋಲನ್ನು ತಂದು ನನ್ನ ಕೈಗಿಟ್ಟ. ಅದನ್ನು ಹಿಡಿದುಕೊಂಡೇ ಆಸ್ಪತ್ರೆಯ ಹಾಸ್ಟೆಲಿಗೆ ಹೋಗಿ ಗೆಳತಿಯರಿಗೂ ಹೇಳಿದೆ. ನಾನು ಮೇಟ್ರನ್ನಿನ ಹಾಗೆ ನಡೆದು ತೋರಿಸುವವರೆಗೆ ಅವರು ನನ್ನನ್ನು ರೂಮಿನಿಂದ ಹೊರಗೆ ಬಿಡಲಿಲ್ಲ. ನಡೆದು ತೋರಿಸುವಾಗ ಕೋಲು ಕೈಯಲ್ಲಿದ್ದದ್ದು ಅನುಕೂಲವೇ ಆಯಿತು.

ಉಳಿದದ್ದು ಕೆಂಗೇರಿ. ಅಲ್ಲಿ ಅಜ್ಜಿಯ ಒಡಹುಟ್ಟಿದ ತಂಗಿ, ನನ್ನ ಚಿಕ್ಕಜ್ಜಿ ಇದ್ದಳು. ಅಕ್ಕ ತಂಗಿಗೆ ಹನ್ನೊಂದು ವರ್ಷದಿಂದ ಮಾತಿರಲಿಲ್ಲ. ಚಿಕ್ಕಜ್ಜಿಯ ಮಗನ ಮದುವೆಯಲ್ಲಿ, ಗಂಡಿನ ದೊಡ್ಡಮ್ಮನಾದ ಅಜ್ಜಿಯನ್ನು ಊಟಕ್ಕೆ ಎರಡನೆಯ ಪಂಕ್ತಿಯಲ್ಲಿ ಕೂರಿಸಿದ್ದರು. ಅಜ್ಜಿ ಪಾಯಸ ಬರುವ ಮೊದಲೇ ಎಲೆ ಬಿಟ್ಟು ಎದ್ದು ಬಂದಳು. ಅಲ್ಲಿಂದ ಮುಂದೆ ಒಬ್ಬಳಿರುವ ಕಡೆ ಇನ್ನೊಬ್ಬಳು ಕಾಲಿಡುತ್ತಿರಲಿಲ್ಲ. ನಮ್ಮ ನೆಂಟರಲ್ಲಿ ಮದುವೆಯೆಂದರೆ ಚಪ್ಪರದ ದಿನ ಅಜ್ಜಿಗೆ, ಧಾರೆಯ ದಿನ ಚಿಕ್ಕಜ್ಜಿಗೆ ಎಂದು ಹಂಚಿಕೆಯಾಗಿತ್ತು. ಇಬ್ಬರಿಗೂ ಉಡುಗೊರೆ ಕೊಡುವ ಸೀರೆಯಲ್ಲಿ ಒಂದೇ ಅಗಲದ ಅಂಚಿರಬೇಕು, ಇಲ್ಲದಿದ್ದರೆ ಕಥೆ ಮುಗಿಯಿತು.

ನನಗೆ ಆಗ ಇಪ್ಪತ್ತಮೂರು ವರ್ಷ. ಸಮುದ್ರ ದಾಟುವ ಮೊದಲು ಇವರಿಬ್ಬರನ್ನು ಒಂದು ಮಾಡಿಯೇ ಹೋಗುತ್ತೇನೆಂದು ತೀರ್ಮಾನಿಸಿದೆ. ಚಿಕ್ಕಜ್ಜಿಗೆ ಒಂದು ಕಾರ್ಡು ಬರೆದೆ: "ಅಜ್ಜಿಗೆ ಮೈ ಹುಷಾರಿಲ್ಲ. ರಾತ್ರಿ ನಿದ್ದೆಯಲ್ಲಿ ನಿನ್ನ ಹೆಸರು ಹಿಡಿದು ಕರೆಯುತ್ತಾಳೆ." ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಹತ್ತು ದಿನ ಬಿಟ್ಟು, ಬೇರೆ ಯಾವುದೋ ಕಾಗದವನ್ನು ಅವಳ ಮುಂದೆ ಹಿಡಿದು, ಕೆಂಗೇರಿಯಿಂದ ಬಂದದ್ದೆಂದು ಸಲೀಸಾಗಿ ಓದಿದೆ: "ಕೊನೆಗಾಲಕ್ಕೆ ಅಕ್ಕನ ಮುಖ ಒಂದು ಸಲ ನೋಡಬೇಕು ಅನ್ನಿಸುತ್ತಿದೆ."

ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ನನಗೆ ಪಾಪ ಅನ್ನಿಸಿತು.

"ಆಯ್ತು," ಅಂದಳು ಕೊನೆಗೆ, "ನಿನಗೋಸ್ಕರ ಬರ್ತೀನಿ. ಆದ್ರೆ ನಾನಾಗಿ ಮಾತಾಡ್ಸಲ್ಲ."

ಭಾನುವಾರ ಬೆಳಿಗ್ಗೆ ಮೈಸೂರು ರೈಲು ಹತ್ತಿ ಕೆಂಗೇರಿಯಲ್ಲಿ ಇಳಿದೆವು. ಅಜ್ಜಿಗೆ ಕಣ್ಣು ಮಂಜು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತಿಂಗಳಿಗೊಂದು ಸಲ ಕಣ್ಣಾಸ್ಪತ್ರೆಗೆ ಒಬ್ಬಳೇ ಹೋಗಿ ಔಷಧಿ ಹಾಕಿಸಿಕೊಂಡು ಸಂಜೆಗೆ ಬರುತ್ತಿದ್ದಳು. ಯಾರಾದರೂ ಜೊತೆಗೆ ಬರುತ್ತೇವೆಂದರೆ ಸಿಟ್ಟು. ಕಣ್ಣು ಮಂಜೆಂದು ಅವತ್ತು ನಾನು ಕೈ ಹಿಡಿದೇ ನಡೆಸಿದೆ. ಅವಳು ಮಾತ್ರ ದಾರಿಯ ಸಗಣಿಯನ್ನೆಲ್ಲ ಚೊಕ್ಕವಾಗಿ ದಾಟಿಕೊಂಡು ಬಂದಳು. ನಾನೇ ಒಂದು ಕಡೆ ತುಳಿದೆ.

ಚಿಕ್ಕಜ್ಜಿ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನಮ್ಮನ್ನು ನೋಡಿ ಏಳಲಿಲ್ಲ. ನಾನು ಕಾಲಿಗೆ ಬಿದ್ದೆ. ಅಜ್ಜಿ ಎದುರು ಗೋಡೆಗೆ ಒರಗಿ ಕೂತು ಸೂರು ನೋಡತೊಡಗಿದಳು.

"ಬಿಸಿಲಲ್ಲಿ ಬಂದಿದಾರೆ, ನೀರು ಬೇಕಾ ಕೇಳು," ಚಿಕ್ಕಜ್ಜಿ ನನಗೆ ಹೇಳಿದಳು.

"ನೀರು ನಮ್ಮನೇಲೂ ಐತೆ ಅಂತ ಹೇಳು," ಅಜ್ಜಿಯೂ ನನಗೇ ಹೇಳಿದಳು.

ನಾನು ಅತ್ತಿಂದಿತ್ತ ತಿರುಗಿ ಮಾತು ಸಾಗಿಸುತ್ತಾ ಕತ್ತು ನೋಯಿಸಿಕೊಂಡೆ. ಚಿಕ್ಕಜ್ಜಿಯ ಸೊಸೆ ಹೆದರಿ ಒಲೆಯ ಮುಂದೆಯೇ ನಿಂತಿದ್ದಳು. ಕಾಫಿ ಸೋಸುವ ಹೊತ್ತಿಗೆ ಚಿಕ್ಕಜ್ಜಿ ಕೂತಲ್ಲಿಂದಲೇ ಕೂಗಿದಳು:

"ಆ ದೊಡ್ಡ ಲೋಟಕ್ಕೆ ಸಕ್ಕರೆ ಹಾಕ್ಬೇಡ ಕಣೇ!"

ಸೊಸೆ ಬಾಗಿಲಿಗೆ ಬಂದಳು. "ಅತ್ತೆ, ಹನ್ನೊಂದು ವರ್ಷಕ್ಕೆ ಮನೆ ಬಾಗಿಲಿಗೆ ಬಂದಿದಾರೆ. ಸಕ್ಕರೆ ಇಲ್ದೇ ಹೆಂಗೆ ಕೊಡೋದು?"

"ಹಾಕ್ಬೇಡ ಅಂದ್ರೆ ಹಾಕ್ಬೇಡ."

ಸೊಸೆಯ ಕಣ್ಣಲ್ಲಿ ನೀರು ತುಂಬಿತು. ದ್ವೇಷ ಇಷ್ಟಕ್ಕೆ ಬಂತಲ್ಲ ಎಂಬ ಸಂಕಟ ಅವಳಿಗೆ. ನನ್ನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಅಜ್ಜಿ ಕಾಫಿಗೆ ಸಕ್ಕರೆ ಬಿಟ್ಟದ್ದು ಹಿಂದಿನ ದೀಪಾವಳಿಗೆ, ಹಲ್ಲು ಜುಮ್ಮೆನ್ನುತ್ತದೆ ಎಂದು. ಅದು ನಮ್ಮ ಮನೆಯವರಿಗೆ ಬಿಟ್ಟರೆ ಅತ್ತಿಗುಪ್ಪೆಗೂ ಗೊತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಮುಖ ನೋಡದ ಚಿಕ್ಕಜ್ಜಿಗೆ ಹೇಗೆ ಗೊತ್ತಾಯಿತು?

ಸೊಸೆ ಕಾಫಿ ಇಟ್ಟು ಹಿತ್ತಲಿಗೆ ಹೋಗುವವರೆಗೆ ಕಾದೆ. ಆಮೇಲೆ ದನಿ ತಗ್ಗಿಸಿ ಕೇಳಿದೆ. "ಚಿಕ್ಕಜ್ಜಿ, ಅಜ್ಜಿ ಸಕ್ಕರೆ ಬಿಟ್ಟಿದ್ದು ನಿನಗೆ ಹೆಂಗೆ ಗೊತ್ತು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ನೀನೊಬ್ಬಳು, ಬಾಯಿ ಸುಮ್ನಿರಲ್ಲ," ಅಜ್ಜಿ ತಂಗಿಯನ್ನು ಗದರಿದಳು.

"ಮತ್ತೆ ಸಕ್ಕರೆ ಹಾಕಿದ್ರೆ ನೀನು ಕುಡೀತಿದ್ಯಾ ಅಕ್ಕ? ಹಲ್ಲು ಹಿಡ್ಕೊಂಡು ಕೂತಿರ್ತಿದ್ದೆ."

ಆಮೇಲೆ ಇಬ್ಬರೂ ಸೆರಗು ಬಾಯಿಗೆ ತುರುಕಿಕೊಂಡರು. ಅಜ್ಜಿಯ ಭುಜ ಕುಲುಕುತ್ತಿತ್ತು. ಅವತ್ತು ಕಾಗದ ಓದಿದಾಗ ಕುಲುಕಿದ್ದೂ ಹೀಗೆಯೇ. ನನಗೆ ಆಗ ಅರ್ಥವಾಯಿತು.

ಜಗಳ ನಿಜವಾಗಿಯೇ ಆಗಿತ್ತಂತೆ, ಆದರೆ ನಾಲ್ಕು ತಿಂಗಳು ಮಾತ್ರ. ಆಗ ಅಜ್ಜಿಗೆ ಕಣ್ಣುಬೇನೆ ಬಂದಿತ್ತು. ಕೆಂಗೇರಿಯಲ್ಲಿ ಚಿಕ್ಕಜ್ಜಿಗೂ ಅದೇ ಕಾಯಿಲೆ. ಕಣ್ಣಾಸ್ಪತ್ರೆಯಲ್ಲಿ ಇಬ್ಬರ ಕಣ್ಣಿಗೂ ಔಷಧಿ ಹಾಕಿ, ಹತ್ತಿ ಇಟ್ಟು, ಒಂದೇ ಬೆಂಚಿನ ಮೇಲೆ ಕೂರಿಸಿದರಂತೆ.

"ಪಕ್ಕದಲ್ಲಿ ಯಾರಿದಾರೆ ಅಂತ ಕಾಣ್ಸಲಿಲ್ಲ," ಚಿಕ್ಕಜ್ಜಿ ಹೇಳಿದಳು. "ಅರ್ಧ ಗಂಟೆ ನಾನು ನನ್ನಕ್ಕನ್ನ ಬೈದೆ, ಅವಳು ಅವಳ ತಂಗೀನ ಬೈದ್ಲು."

"ದನಿ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು ಕಣೇ. ಗೊತ್ತಾಗಿದ್ದಕ್ಕೇ ಬೈದಿದ್ದು."

ಅವತ್ತಿನಿಂದ ಪ್ರತಿ ತಿಂಗಳು ಕಣ್ಣಾಸ್ಪತ್ರೆಯ ಗೇಟಿನಲ್ಲಿ ಇಬ್ಬರೂ ಸೇರುತ್ತಿದ್ದರು. ಅಲ್ಲಿಂದ ಹೋಟೆಲಿನಲ್ಲಿ ಮಸಾಲೆ ದೋಸೆ, ಆಮೇಲೆ ಸಿನಿಮಾದ ಮಧ್ಯಾಹ್ನದ ಆಟ. ಅಜ್ಜಿ ಮನೆಯಲ್ಲಿ ದಿನಾ ಕಣ್ಣಿಗೆ ಹಾಕಿಕೊಳ್ಳುತ್ತಿದ್ದ ಬಾಟಲಿಯಲ್ಲಿದ್ದದ್ದು ಪನ್ನೀರು. ನರ್ಸಾಗಿ ಎರಡು ವರ್ಷ ದುಡಿದ ನಾನು ಅದನ್ನು ಒಂದು ದಿನವೂ ಮೂಸಿ ನೋಡಿರಲಿಲ್ಲ. ಹೋದ ಸಲ ಸೇರಿದಾಗ ಚಿಕ್ಕಜ್ಜಿ ನನ್ನ ಕಾರ್ಡನ್ನೂ ತಂದು ತೋರಿಸಿದ್ದಳಂತೆ. ಅದು ಆದ ಮೇಲೆಯೇ ನಾನು ಅಜ್ಜಿಯ ಮುಂದೆ ಕೂತು ಸುಳ್ಳು ಕಾಗದ ಓದಿದ್ದು.

"ಹಂಗಾದ್ರೆ ಎಲ್ಲರಿಗೂ ಹೇಳ್ಬಿಡಬಾರ್ದಾ?" ನಾನು ಕೇಳಿದೆ.

ಅಜ್ಜಿ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ಹೇಳಿದ್ರೆ ನಮ್ಮನ್ನ ಯಾರು ಕೇಳ್ತಾರೆ? ಈಗ ಒಂದು ಮದುವೆ ಅಂದ್ರೆ ಮೊದ್ಲು ನಮ್ಮಿಬ್ಬರ ಮನೇಗೆ ಬಂದು ಕೈ ಮುಗೀತಾರೆ. ರಾಜಿ ಆಗ್ಬಿಟ್ರೆ ಮೂಲೇಲಿ ಕೂರ್ಸಿ ಮೊಮ್ಮಕ್ಕಳನ್ನ ತೊಡೆ ಮೇಲೆ ಹಾಕ್ತಾರೆ."

"ನನಗ್ಯಾಕೆ ಹೇಳಿದ್ರಿ ಮತ್ತೆ?"

"ನೀನು ಸಮುದ್ರ ದಾಟ್ತೀಯಲ್ಲ," ಚಿಕ್ಕಜ್ಜಿ ಅಂದಳು. "ಅಲ್ಲಿ ಯಾರಿಗೆ ಹೇಳ್ತೀಯ?"

ಆದರೆ ಒಂದು ತೊಡಕಿತ್ತು. ಅಜ್ಜಿ ತಾನಾಗಿ ಕೆಂಗೇರಿಗೆ ಬಂದದ್ದು ಗೊತ್ತಾದರೆ ರಾಜಿಯಾಯಿತೆಂದು ನೆಂಟರು ಹಬ್ಬ ಮಾಡುತ್ತಾರೆ. ಅದಕ್ಕೆ ಕಾರಣ ನಾನು, ದಾರಿಯೂ ನಾನೇ ಹುಡುಕಬೇಕೆಂದು ಇಬ್ಬರೂ ಪಟ್ಟು ಹಿಡಿದರು. ಕಷ್ಟಪಡಬೇಕಾಗಲಿಲ್ಲ. ಎದುರಿಗೇ ಸಕ್ಕರೆಯಿಲ್ಲದ ಕಾಫಿಯ ಲೋಟವಿತ್ತು, ಅದನ್ನೇ ತೋರಿಸಿದೆ. ಸೊಸೆ ಹಿತ್ತಲಿನಿಂದ ಬರುವ ಸದ್ದಾದಾಗ ಅಜ್ಜಿ ಲೋಟವನ್ನು ಠಣ್ಣನೆ ನೆಲಕ್ಕೆ ಕುಕ್ಕಿದಳು. ಅದಕ್ಕೆ ಮೊದಲು ಕೊನೆಯ ಗುಟುಕನ್ನೂ ಕುಡಿದು ಮುಗಿಸಿದ್ದಳು.

"ಸಕ್ಕರೆ ಇಲ್ದಿರೋ ಕಾಫಿ ಕೊಟ್ಟು ಮರ್ಯಾದೆ ತೆಗೀತಾಳಾ? ನಡಿಯೇ ಮಗ, ಇನ್ನು ಈ ಹೊಸಿಲು ತುಳಿಯಲ್ಲ!"

"ಹೋಗ್ಲಿ, ಕರೆದೋರ್ಯಾರು?" ಚಿಕ್ಕಜ್ಜಿ ಅವರೆಕಾಯಿಯಿಂದ ತಲೆ ಎತ್ತಲಿಲ್ಲ.

ಪಾಪ, ಸೊಸೆ ಬೀದಿಯ ತಿರುವಿನವರೆಗೆ ನಮ್ಮ ಹಿಂದೆ ಓಡಿ ಬಂದು, "ದೊಡ್ಡತ್ತೆ, ನಾನು ಹಾಕ್ತೀನಿ ಅಂತಾನೇ ಹೇಳ್ದೆ" ಎಂದು ಅತ್ತಳು. ವಾರದೊಳಗೆ ಸುದ್ದಿ ಅತ್ತಿಗುಪ್ಪೆ ಮುಟ್ಟಿತು. ದೊಡ್ಡಪ್ಪ ಮನೆಗೆ ಬಂದು, ಆ ಕೂಸಿಗೆ ನೆಮ್ಮದಿಯಾಗಿ ಹೇಳಿಹೋಗಲೂ ಬಿಡಲಿಲ್ಲವಲ್ಲ ನೀವು ಎಂದು ಅಜ್ಜಿಗೆ ಬುದ್ಧಿ ಹೇಳಿದ. ಅಜ್ಜಿ ತಲೆ ತಗ್ಗಿಸಿ ಕೇಳಿದಳು.

ಹೊರಡುವ ಹಿಂದಿನ ವಾರ ಕಣ್ಣಾಸ್ಪತ್ರೆಯ ದಿನ ಬಂತು. ನರ್ಸು ಮೊಮ್ಮಗಳು ಜೊತೆಗೆ ಹೋದರೆ ಒಳ್ಳೆಯದೆಂದು ಅಮ್ಮನೇ ನನ್ನನ್ನು ಕಳಿಸಿದಳು. ದೋಸೆ ತಿಂದು ಮೂವರೂ ಆಟಕ್ಕೆ ಹೋದೆವು. ನನ್ನನ್ನು ನಡುವೆ ಕೂರಿಸಿಕೊಂಡರು. ಪರದೆಯ ಮೇಲೆ ಯಾವನೋ ರಾಕ್ಷಸ ಗದೆ ತಿರುಗಿಸುತ್ತಾ ಕಾಲು ಜಾರಿ ಬಿದ್ದ. ಸಭೆಯೆಲ್ಲ ನಗುತ್ತಿತ್ತು. ಆಗ ಚಿಕ್ಕಜ್ಜಿ ನನ್ನ ಕಿವಿಯ ಹತ್ತಿರ ಬಾಗಿದಳು.

"ಹೋಗ್ಬರ್ತೀನಿ ಅಂತ ಇಲ್ಲೇ ಹೇಳ್ಬಿಡು ಮಗ. ಸ್ಟೇಷನ್ನಲ್ಲಿ ನಮಗೆ ಅಳೋಕೆ ಪುರುಸೊತ್ತಿರಲ್ಲ."

ನಾನು ಹೇಳಿದೆ. ಇಬ್ಬರೂ ಒಂದೊಂದು ಕೈ ಹಿಡಿದುಕೊಂಡರು. ಅಜ್ಜಿಯ ಕೈ ಒರಟು, ಚಿಕ್ಕಜ್ಜಿಯದು ಸ್ವಲ್ಪ ತಣ್ಣಗಿತ್ತು. ಆಟ ಮುಗಿದು ದೀಪ ಹತ್ತುವವರೆಗೆ ಯಾರೂ ಬಿಡಲಿಲ್ಲ. ಆ ಸಿನಿಮಾದಲ್ಲಿ ಆಮೇಲೆ ಏನಾಯಿತೆಂದು ನನಗೆ ಇಂದಿಗೂ ಗೊತ್ತಿಲ್ಲ.

ಸ್ಟೇಷನ್ನಿಗೆ ಇಬ್ಬರೂ ಬಂದರು. ಚಪ್ಪರ, ಧಾರೆ ಎಂದು ದಿನ ಹಂಚಲು ರೈಲಿಗೆ ಇದ್ದದ್ದು ಒಂದೇ ಹೊತ್ತು. ನೆಂಟರು ಗಾಬರಿಯಾಗಿ ಇಬ್ಬರ ನಡುವೆ ಗೋಡೆಯ ಹಾಗೆ ನಿಂತರು.

"ಅದ್ಯಾರು ಆ ಕಡೆ? ನನ್ ಕಣ್ಣಿಗೆ ಕಾಣಲ್ಲಪ್ಪ," ಅಜ್ಜಿ ಗಟ್ಟಿಯಾಗಿ ಅಂದಳು.

"ಕೆಲವರಿಗೆ ಬೇಕಾದ್ದು ಮಾತ್ರ ಕಾಣ್ಸೋದು," ಆ ಕಡೆಯಿಂದ ಉತ್ತರ ಬಂತು.

ದೊಡ್ಡಪ್ಪ ಇಬ್ಬರಿಗೂ ಕೈ ಮುಗಿದ. ಅಮ್ಮ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಾನು ತುಟಿ ಕಚ್ಚಿಕೊಂಡು ಕಿಟಕಿಯ ಸರಳು ಹಿಡಿದಿದ್ದೆ. ಎಷ್ಟು ಕಚ್ಚಿದರೂ ನಗು ಹೊರಗೆ ಬಂತು. "ಹೆತ್ತವಳು ಅಳ್ತಿದ್ರೆ ನಗ್ತಾಳೆ ನೋಡು, ಇಂಗ್ಲೆಂಡ್ ಈಗ್ಲೇ ತಲೆಗೇರಿದೆ," ಎಂದು ಸೋದರತ್ತೆ ಬೈದದ್ದು ರೈಲು ಹೊರಟ ಮೇಲೂ ಕೇಳಿಸಿತು.

ಬೊಂಬಾಯಿಯವರೆಗೆ ಅಪ್ಪ ಜೊತೆಗೆ ಬರುತ್ತಿದ್ದ. ತುಮಕೂರು ದಾಟಿದ ಮೇಲೆ ನನಗೆ ಅಳು ಬಂತು. ಅಪ್ಪ ಪಕ್ಕದಲ್ಲಿ ಕೂತಿದ್ದ. ಕಡಲೆಕಾಯಿ ಬಿಡಿಸಿ ಬಿಡಿಸಿ ನನ್ನ ಮಡಿಲಿಗೆ ಹಾಕುತ್ತಿದ್ದ.

"ಅಜ್ಜೀನೂ ಚಿಕ್ಕಜ್ಜೀನೂ ಒಂದಾಗ್ಲಿಲ್ಲ ಅಂತ ಅಳ್ತಿದೀಯಾ?" ಎಂದು ಕೇಳಿದ.

ಹೌದೆಂದು ತಲೆ ಆಡಿಸಿದೆ.

ಅಪ್ಪ ಡಬ್ಬಿಯೊಳಗೆ ಪರಿಚಯದವರು ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿದ. "ಅದಕ್ಕೆ ಅಳ್ಬೇಡ. ಅವರಿಬ್ಬರೂ ಚೆನ್ನಾಗೇ ಇದಾರೆ. ಐದಾರು ವರ್ಷದ ಹಿಂದೆ ಸಿನಿಮಾ ಮನೇಲಿ ನೋಡ್ದೆ. ನನ್ನ ಮುಂದಿನ ಸಾಲಲ್ಲೇ ಕೂತು ಚಕ್ಕುಲಿ ತಿಂತಿದ್ರು."

ನನ್ನ ಅಳು ಅಲ್ಲಿಗೇ ನಿಂತಿತು. "ಯಾರಿಗೂ ಯಾಕೆ ಹೇಳ್ಲಿಲ್ಲ ನೀನು?"

"ಹೆಂಗೆ ಹೇಳ್ಲಿ? ಆ ಹೊತ್ತಲ್ಲಿ ನಾನು ಫ್ಯಾಕ್ಟರೀಲಿರ್ಬೇಕಿತ್ತಲ್ಲ."

"ಅಜ್ಜಿ ನಿನ್ನ ನೋಡಿದ್ಲಾ?"

"ಗೊತ್ತಿಲ್ಲ," ಅಂದ ಅಪ್ಪ. "ಅವತ್ತು ಮನೇಗೆ ಹೋದಾಗ, ಫ್ಯಾಕ್ಟರೀಲಿ ಕೆಲಸ ಜಾಸ್ತಿ ಇತ್ತೇನಪ್ಪ ಅಂತ ಕೇಳಿದ್ಲು. ಅಷ್ಟೇ."

ಇಬ್ಬರೂ ಈಗಿಲ್ಲ. ರಾಜಿಯಾಗದೆಯೇ ಹೋದರಲ್ಲ ಎಂದು ನಮ್ಮ ಕಡೆಯವರು ಈಗಲೂ ಮದುವೆಮನೆಗಳಲ್ಲಿ ಕೊರಗುತ್ತಾರೆ. ರಜೆಗೆ ಬಂದಾಗ ನನ್ನ ಮುಂದೆಯೂ ಎಷ್ಟೋ ಜನ ಹೇಳಿದ್ದಾರೆ. ಹೌದು, ಬಹಳ ಹಟಮಾರಿಗಳು ಎಂದು ಒಪ್ಪಿಕೊಂಡು, ಎಲೆಯ ಮೇಲಿನ ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡಿದ್ದೇನೆ.