ಹೂಂ ಅನ್ನುವವರು ಬೇಕು

ಮೊಮ್ಮಗಳು ಸಿಂಚು ಶಾಲೆಯಿಂದ ಬಂದ ಮೇಲೆ ಅವಳ ಊಟದ ಡಬ್ಬಿ ತೆರೆದರೆ ಸಾಕು, ಅವತ್ತು ಪಕ್ಕದಲ್ಲಿ ಯಾರು ಕೂತಿದ್ದರು ಅಂತ ನಾನು ಹೇಳಿಬಿಡುತ್ತೇನೆ. ಒಣಸೊಪ್ಪು, ಎಳ್ಳು, ಎಣ್ಣೆ ಬೆರೆತ ಝಾತರ್ ವಾಸನೆ ಬಂದರೆ ಜೋರ್ಡಾನಿನ ಲೀನ್. ಬೆಳ್ಳುಳ್ಳಿ ಹಾಕಿದ ಅನ್ನದ ಅಗುಳು ಅಂಟಿದ್ದರೆ ಫಿಲಿಪೀನ್ಸಿನ ಹುಡುಗ. ಖರ್ಜೂರದ ಬೀಜ ಇದ್ದರೆ ಇದೇ ಊರಿನ ಮರಿಯಮ್. ಹಂಚಿ ತಿನ್ನಬಾರದು ಅಂತ ಶಾಲೆಯ ನಿಯಮವಿದೆ. ಇದ್ದರೇನು, ನಾನು ಕಟ್ಟಿಕೊಡುವ ಖಡಕ್ ರೊಟ್ಟಿ ಅಲ್ಲಿ ಚಿಪ್ಸ್ ಅಂತ ಖರ್ಚಾಗುತ್ತದೆ.

ಇವತ್ತು ವರ್ಷದ ಕೊನೆಯ ದಿನ. ಡಬ್ಬಿಯಲ್ಲಿ ಎಲ್ಲ ವಾಸನೆಯೂ ಒಟ್ಟಿಗೇ ಬಂತು. ಜೊತೆಗೆ ರಿಪೋರ್ಟ್ ಕಾರ್ಡೂ ಬಂತು. ಅದರ ಸುದ್ದಿ ಹೇಳುವುದಕ್ಕೇ ಕೂತಿದ್ದೇನೆ, ಆದರೆ ಹೋದ ವರ್ಷದಿಂದ ಹೇಳದಿದ್ದರೆ ನಿಮಗೆ ನನ್ನ ಸಂತೋಷ ತಿಳಿಯುವುದಿಲ್ಲ.

ನಾನು ಗದಗಿನ ಕಡೆಯವಳು. ಮಗಳು ಸುಮಾ ಇಲ್ಲಿ, ಅರಬ್ ನಾಡಿನ ಬನಿಯಾಸ್ ಊರಿನ ಆಸ್ಪತ್ರೆಯೊಂದರಲ್ಲಿ ನರ್ಸ್, ಅಳಿಯ ಎಸಿ ರಿಪೇರಿ ಕೆಲಸದಲ್ಲಿದ್ದಾನೆ. ಇಬ್ಬರೂ ಡ್ಯೂಟಿಗೆ ಹೋದರೆ ಮನೆಯಲ್ಲಿ ನಾನು, ಮೊಮ್ಮಗಳು. ಸಿಂಚು ಓದುವುದು ಸರಕಾರ ಕಟ್ಟಿಸಿ, ಬೇರೆಯವರ ಕೈಗೆ ನಡೆಸಲು ಕೊಟ್ಟ ಪ್ರಾಥಮಿಕ ಶಾಲೆಯಲ್ಲಿ. ಅವಳ ತರಗತಿಯ ಗೋಡೆಯ ಮೇಲೊಂದು ಭೂಪಟ. ಯಾವ ಮಗು ಎಲ್ಲಿಯದು ಅಂತ ದಾರ ಕಟ್ಟಿ ತೋರಿಸಿದ್ದಾರೆ. ಮೊದಲ ಸಲ ನೋಡಿದಾಗ ಜೇಡರ ಬಲೆ ಅಂದುಕೊಂಡೆ. ನಾನು ಕಲಿತದ್ದು ಮೂರನೇ ಇಯತ್ತೆಯವರೆಗೆ. ನಮ್ಮ ಸಾಲಿಯಲ್ಲಿ ಪರವೂರಿನವರು ಅಂದರೆ ಮಾಸ್ತರರು ಒಬ್ಬರೇ. ಅವರೂ ಪಕ್ಕದ ಹಳ್ಳಿಯಿಂದ ಸೈಕಲ್ ಮೇಲೆ ಬರುತ್ತಿದ್ದರು.

ಸಂಜೆ ನಾನು ಮೆಂತ್ಯೆ ಸೊಪ್ಪು ಬಿಡಿಸುವಾಗ ಸಿಂಚುವಿಗೆ ಕಥೆ ಬೇಕು. ನಮ್ಮ ಕಡೆ ಕಥೆ ಕೇಳುವವರು ಮಾತು ಮಾತಿಗೂ ಹೂಂ ಅನ್ನಬೇಕು. ಅನ್ನದಿದ್ದರೆ ಹೇಳುವವರು ಅಲ್ಲಿಗೇ ನಿಲ್ಲಿಸುತ್ತಾರೆ. ಕೇಳುವವರಿಗೆ ಬೇಸರವಾಗಿರಬೇಕು ಅಂತ ಅವರ ಲೆಕ್ಕ. ಅಕ್ಷರ ಬಂದ ಮೇಲೆ ಸಿಂಚು ಇಂಗ್ಲಿಷ್ ಪುಸ್ತಕ ಹಿಡಿದು ನನಗೇ ಕಥೆ ಓದಿ ಹೇಳತೊಡಗಿದಳು. ನಾನು ಸಾಲು ಸಾಲಿಗೂ ಹೂಂ ಅಂದೆ. ಅರ್ಥವಾಗದ್ದಕ್ಕೆ ಹೂಂ ಅನ್ನುವುದು ನನಗೆ ಮದುವೆಯಾದಾಗಿನಿಂದಲೂ ರೂಢಿ.

ಹೀಗಿರುವಾಗ ಶಾಲೆಯಿಂದ ಫೋನಿಗೆ ಸಂದೇಶ ಬಂತು. ಸಿಂಚು ಓದಿನಲ್ಲಿ ಬಹಳ ಹಿಂದಿದ್ದಾಳೆ, ಒಂದು ಸಾಲು ಓದಿ ನಿಂತುಬಿಡುತ್ತಾಳೆ, ಇನ್ನು ಮೇಲೆ ಓದಿನ ಹೊತ್ತಿಗೆ ಅವಳನ್ನು ಬೇರೆ ಕೋಣೆಯಲ್ಲಿ ಕೂರಿಸಬೇಕಾಗಬಹುದು, ಬಂದು ಮಾತಾಡಿ ಅಂತ.

"ಮನ್ಯಾಗ ಪಟಪಟ ಓದ್ತಿ. ಸಾಲ್ಯಾಗ ಏನಾಗ್ತೈತಿ ನಿನಗ?" ಅಂದಳು ಸುಮಾ.

"ಐ ಡೋಂಟ್ ನೋ ಅಮ್ಮಾ. ಮರಿಯಮ್‌ನ ಬಿಟ್ಟು ನಾ ಬ್ಯಾರೆ ರೂಮಿಗೆ ಹೋಗಂಗಿಲ್ಲ," ಅಂತ ಸಿಂಚು ಅಳತೊಡಗಿದಳು.

ಸುಮಾ ನನ್ನ ಕಡೆ ತಿರುಗಿದಳು. "ಅವ್ವಾ, ಬ್ಯಾಸರ ಮಾಡ್ಕೋಬ್ಯಾಡ. ಎರಡು ಭಾಷಾದಾಗ ಕೂಸಿನ ತಲಿ ಗೊಂದಲ ಆಗೈತಿ ಅನಸ್ತೈತಿ. ಸ್ವಲ್ಪ ದಿನ ನಿನ್ನ ಕಥಿ ನಿಂದ್ರಸು. ಮನ್ಯಾಗ ಬರೇ ಇಂಗ್ಲಿಷ್ ಇರಲಿ."

ಬರೇ ಇಂಗ್ಲಿಷ್ ಅಂದರೆ ನನಗೂ ಮೊಮ್ಮಗಳಿಗೂ ನಡುವೆ ಉಳಿಯುವುದು ಥ್ಯಾಂಕ್ಯೂ, ಬಾಯ್ ಎರಡೇ. ಆಗಲಿ ಅಂದೆ. ಕೂಸಿನ ಓದಿಗಿಂತ ನನ್ನ ಕಥೆ ದೊಡ್ಡದೇ? ಆದರೂ ಅವತ್ತು ಮೆಂತ್ಯೆ ಬಿಡಿಸುವಾಗ ಕಡ್ಡಿಯೆಲ್ಲ ಬುಟ್ಟಿಗೆ, ಎಲೆಯೆಲ್ಲ ಕಸಕ್ಕೆ ಹೋಗಿತ್ತು.

ಶಾಲೆಗೆ ನಾನೂ ಹೋದೆ. ನಮ್ಮ ಹಿಂದೆ ಮರಿಯಮ್‌ನ ಅಜ್ಜಿ ಕಪ್ಪು ಅಬಾಯಾ ನಿಲುವಂಗಿಯಲ್ಲಿ ಸರದಿ ಕಾಯುತ್ತಿದ್ದರು. ಟೀಚರು ಚಿಕ್ಕ ವಯಸ್ಸಿನ ಅರಬ್ ಹುಡುಗಿ. ನೀವೇ ನೋಡಿ ಅನ್ನುವ ಹಾಗೆ ಸಿಂಚುವಿನ ಮುಂದೆ ಬಾತುಕೋಳಿ ಚಿತ್ರದ ಪುಸ್ತಕ ಇಟ್ಟರು. ಸಿಂಚು ಒಂದು ಸಾಲು ಓದಿದಳು, ನಿಂತಳು. ಟೀಚರು ಮುಂದಿನ ಪದಕ್ಕೆ ಬೆರಳಿಟ್ಟು ತೋರಿಸಿದರು. ನಮ್ಮ ಕೂಸು ಪುಸ್ತಕ ನೋಡದೆ ಟೀಚರ ಮುಖವನ್ನೇ ನೋಡುತ್ತಿದೆ. ಕೋಣೆಯೆಲ್ಲ ಸುಮ್ಮನಾಯಿತು. ಆ ಮೌನ ತಡೆಯಲಾರದೆ ನನ್ನ ಗಂಟಲಿನಿಂದ ತಾನಾಗಿ ಬಂತು:

"ಹೂಂ."

ಸಿಂಚು ಮುಂದಿನ ಸಾಲು ಓದಿದಳು. ಮತ್ತೆ ಹೂಂ ಅಂದೆ. ಮತ್ತೊಂದು ಸಾಲು.

"ಅವ್ವಾ, ಸುಮ್ನ ಕುಂಡ್ರು," ಅಂತ ಸುಮಾ ನನ್ನ ಮೊಣಕೈ ತಿವಿದಳು. ನಾನು ಬಾಯಿ ಮುಚ್ಚಿದೆ. ಸಿಂಚುವಿನ ಓದೂ ನಿಂತಿತು.

ಟೀಚರು ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿದರು. ಆಮೇಲೆ ಕುರ್ಚಿ ಮುಂದಕ್ಕೆ ಎಳೆದುಕೊಂಡು, ನನಗೇ "ಯಲ್ಲಾ ಮಾಮಾ, ಅಗೇನ್," ಅಂದರು. ನಡೀರಿ ಅಮ್ಮಾ, ಇನ್ನೊಮ್ಮೆ ಅಂತ.

ಬಾತುಕೋಳಿಗೆ ಏನಾಯಿತೋ ನನಗೆ ಗೊತ್ತಿಲ್ಲ. ಹೂಂ ಅನ್ನುತ್ತಾ ಹೋದೆ, ಮೊಮ್ಮಗಳು ಓದುತ್ತಾ ಹೋದಳು. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಮರಿಯಮ್‌ನ ಅಜ್ಜಿಯ ಹೂಂ ಕೂಡ ನನ್ನದರ ಜೊತೆ ಸೇರಿಕೊಂಡಿತ್ತು. ಸುಮಾ ಕೆಂಪಾಗಿ, ನಮ್ಮ ಕಡೆ ಕಥೆ ಕೇಳುವ ರೀತಿ ಹೀಗೆ ಅಂತ ಟೀಚರಿಗೆ ವಿವರಿಸಿದಳು. ಟೀಚರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇಷ್ಟು ದಿನ ಈ ಕೂಸು ಓದಲು ಬಾರದೆ ನಿಂತಿರಲಿಲ್ಲ, ಕೇಳುವವರಿಗೋಸ್ಕರ ಕಾದಿತ್ತು.

ಬೇರೆ ಕೋಣೆಯ ಮಾತು ಅಲ್ಲಿಗೆ ಖಲಾಸ್. ಮರುದಿನದಿಂದ ಯಾರು ಎದ್ದು ನಿಂತು ಓದಿದರೂ ಇಡೀ ತರಗತಿ ಹೂಂ ಅನ್ನಬೇಕು ಅಂತ ಟೀಚರು ಹೇಳಿಕೊಟ್ಟರಂತೆ. ಬಾಯಿ ಬಿಡಲು ಹೆದರುತ್ತಿದ್ದ ಸುಡಾನಿನ ಹುಡುಗನೂ ಒಂದು ಪುಟ ಮುಗಿಸಿದನಂತೆ. ಯಾವ ದೇಶದ ನಾಲಿಗೆಗೂ ಕಷ್ಟವಿಲ್ಲದ ಮಾತು ನೋಡಿ ಅದು. ತುಟಿ ತೆರೆಯುವುದೂ ಬೇಡ. ಬರಬರುತ್ತ ಸಿಂಚು ಹೂಂ ಇಲ್ಲದೆಯೂ ಓದಲು ಕಲಿತಳು.

ಇವತ್ತಿನ ಕಾರ್ಡಿನಲ್ಲಿ ಓದಿನ ಮುಂದೆ ಹಸಿರು ಬಣ್ಣವಿದೆ. ಹಸಿರು ಅಂದರೆ ಬಹಳ ಚೆನ್ನಾಗಿ ಅಂತ. ಸುಮಾ ಅದರ ಫೋಟೋ ಗದಗಿನ ನೆಂಟರಿಗೆಲ್ಲ ಕಳಿಸಿದ್ದಾಳೆ. ನಾನು ಮೆಟ್ಟಿಲು ಇಳಿದು ಹೋಗಿ ವಾಚ್‌ಮನ್‌ಗೂ ತೋರಿಸಿ ಬಂದೆ. ಅವನು ನೇಪಾಳದವನು, ಕನ್ನಡ ತಿಳಿಯದು. ಆದರೂ ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದ.

ಇಷ್ಟೂ ಬರೆದು, ಸರಿ ಬಂತೋ ಇಲ್ಲವೋ ಅಂತ ಈಗ ಗಟ್ಟಿಯಾಗಿ ಓದಲು ಹಿಡಿದೆ. ಸಾಲಿ ಬಿಟ್ಟ ಮೇಲೆ ಒಬ್ಬರ ಮುಂದೆ ಓದಿದ್ದೇ ಇಲ್ಲ. ಮೊದಲ ಸಾಲು ಮುಗಿಯುವಷ್ಟರಲ್ಲಿ ನಾಚಿಕೆಯಾಗಿ ನಿಂತೆ. ಸಿಂಚು ನೆಲದ ಮೇಲೆ ಬಣ್ಣ ಹಚ್ಚುತ್ತಾ ಕೂತಿದ್ದಳು. ತಲೆ ಕೂಡ ಎತ್ತಲಿಲ್ಲ.

"ಹೂಂ," ಅಂದಳು.