ಕೊಡದೆ ಉಳಿದ ಕೂದಲು

ಕೊಡ್ಲಿ ಊರಿನ ಚಂದ್ರಾಮಪ್ಪನ ಮನೆಯಲ್ಲಿ ದೇವೀಂದ್ರಪ್ಪ ಇವತ್ತಿಗೂ ನೀರು ಮುಟ್ಟುವುದಿಲ್ಲ. ಚಂದ್ರಾಮಪ್ಪ ದೂರದವನೇನಲ್ಲ, ಹೆಂಡತಿ ಅಂಬುಬಾಯಿಯ ಸ್ವಂತ ಅಣ್ಣ. ಹೋಗಲೇಬೇಕಾದ ಕೆಲಸ ಬಿದ್ದರೆ ದೇವೀಂದ್ರಪ್ಪ ಹೋಗುತ್ತಾನೆ, ಹೊರಗಿನ ಕಟ್ಟೆಯ ಮೇಲೆ ಕೂಡುತ್ತಾನೆ, ಒಳಗಿನಿಂದ ತಂಬಿಗೆ ಬಂದರೆ "ಹೊಟ್ಟಿ ತುಂಬ್ಯಾದ" ಅನ್ನುತ್ತಾನೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಯಾರ ಹೊಟ್ಟೆ ನೀರಿನಿಂದ ತುಂಬಿರುತ್ತದೆ?

ಆದದ್ದು ಇಷ್ಟು. ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಚಂದ್ರಾಮಪ್ಪನ ಮಗಳ ಮದುವೆ. ಅಕ್ಷತೆ ಬಿದ್ದ ಮೇಲೆ ಆಹೇರಿ. ನಮ್ಮ ಕಡೆ ಆಹೇರಿ ಎಂದರೆ ಗಂಡಸರಿಗೆ ರುಮಾಲು ಸುತ್ತುವುದು, ಅದರಲ್ಲೂ ಮನೆಯ ಅಳಿಯನಿಗೆ ಮೊದಲ ರುಮಾಲು. ಸುತ್ತಬೇಕಾದರೆ ತಲೆಯ ಮೇಲಿನ ಟೋಪಿ ಇಳಿಯಬೇಕು. ದೇವೀಂದ್ರಪ್ಪ ಯಾವಾಗಲೂ ರುಮಾಲನ್ನು ಕೈಯಲ್ಲೇ ತೆಗೆದುಕೊಂಡು, ಹಂದರದ ಕಂಬದ ಹಿಂದೆ ಹೋಗಿ ತಾನೇ ಸುತ್ತಿಕೊಂಡು ಬರುತ್ತಿದ್ದ. ಅವತ್ತು ಅವನು ಕೈ ಚಾಚುವುದರೊಳಗೆ ಚಂದ್ರಾಮಪ್ಪ ಟೋಪಿ ಕಿತ್ತುಕೊಂಡ. ಬೋಳುತಲೆಯ ಮೇಲೆ ಅಂಗೈ ಆಡಿಸಿದ.

"ಏ, ಬರ್ರಿ ಬರ್ರಿ! ವಾಡಿ ಫರಸಿ ಕಲ್ಲು ನೋಡ್ರಿ! ಪಾಲಿಶ್ ಮಾಡೇ ಕಳಿಸ್ಯಾರ!"

ಬೀಗರ ಕಡೆಯ ಮುದುಕನೊಬ್ಬ ಕೇಳಿದ: "ಮಷೀನ್ ಪಾಲಿಶೋ, ಕೈ ಪಾಲಿಶೋ?"

"ಕೈ ಪಾಲಿಶ್ ಮಾವಾ! ನಮ್ಮ ತಂಗೀದು!"

ಹಂದರಕ್ಕೆ ಹಂದರವೇ ನಕ್ಕಿತು. ಹೆಣ್ಣುಮಕ್ಕಳ ಸಾಲಿನಲ್ಲಿ ಅಂಬುಬಾಯಿ ಬಾಯಿಗೆ ಸೆರಗು ಕಚ್ಚಿಕೊಂಡಳು, ಆದರೆ ಭುಜ ಕುಣಿಯುತ್ತಿದ್ದುದನ್ನು ದೇವೀಂದ್ರಪ್ಪ ಕಂಡ. ಭಾವನನ್ನು ತಿದಿಯ ಹಾಗೆ ತುಳಿದುಬಿಡುವಷ್ಟು ಸಿಟ್ಟು ಬಂತು. ಮದುವೆ ಮನೆ ಎಂದು ನುಂಗಿಕೊಂಡ. ನುಂಗಿದ್ದು ಇಳಿಯಲಿಲ್ಲ.

ಆಗ ಅವನಿಗೆ ಮೂವತ್ತಾರು. ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ಚೀಲ ತುಂಬುವ ಕೆಲಸ, ಗಟ್ಟಿ ಆಳು, ಎರಡು ಚೀಲ ಒಟ್ಟಿಗೆ ಹೆಗಲಿಗೇರಿಸುತ್ತಿದ್ದ. ತಲೆ ಮಾತ್ರ ಪೂರ್ತಿ ಹೋಗಿತ್ತು. ಹಣೆ ಎಲ್ಲಿ ಮುಗಿಯಿತು, ತಲೆ ಎಲ್ಲಿ ಶುರುವಾಯಿತು ಎಂದು ಹೇಳುವ ಹಾಗಿರಲಿಲ್ಲ. ಕಿವಿಯಿಂದ ಕಿವಿಗೆ, ಹೊಲಕ್ಕೆ ಹಾಕಿದ ಬದುವಿನ ಹಾಗೆ, ಹಿಂದೆ ಒಂದು ಪಟ್ಟಿ ಕೂದಲು ಉಳಿದಿತ್ತು. ಉಳ್ಳಾಗಡ್ಡೆ ರಸ ತಿಕ್ಕಿದ್ದಾಯಿತು, ಸೇಡಂ ಸಂತೆಯ ಎಣ್ಣೆ ಹಚ್ಚಿದ್ದಾಯಿತು. ಎಣ್ಣೆಗೆ ತಲೆ ಇನ್ನಷ್ಟು ಮಿಂಚಿತು.

ಬೊಂಬಾಯಿ ಡಾಕ್ಟರನ ಸುದ್ದಿ ತಂದವನು ಫಿಟ್ಟರ್ ಇಸಾಕ. ಹಿಂದಿ ಪತ್ರಿಕೆಯ ಒಂದು ಹಾಳೆ ಹರಿದು ತಂದಿದ್ದ.

"ಹಿಂದಿನ ಕೂದಲ ಬೇರ್ ಸಮೇತ ಕಿತ್ತಿ ಮುಂದ ಹಚ್ತಾರಂತ ನೋಡೋ. ನಿಂದೇ ಕೂದಲ. ಸಾಯೋತನಕ ಬೀಳಂಗಿಲ್ಲ ಅಂತ ಬರದಾರ."

"ಖರೇ ಹೇಳಾಕತ್ತೀಯೋ, ಚೇಷ್ಟಿ ಮಾಡಾಕತ್ತೀಯೋ?"

"ಚೇಷ್ಟಿ ಮಾಡಿ ನಿನ್ನ ಕೈಲೆ ಹಲ್ಲ ಉದುರಿಸ್ಕೊಳ್ಲೇನು?"

ಆ ಭಾನುವಾರ ದೇವೀಂದ್ರಪ್ಪ ದಂಡೋತಿಗೆ ಹೋದ. ಅದು ಅವನ ಹುಟ್ಟೂರು, ಕಾಗಿಣಾ ಹೊಳೆಯ ದಂಡೆಯ ಮೇಲೆ. ತಾಯಿ ಮರೆಮ್ಮ ಅಲ್ಲಿ ಕಿರಿಮಗ ಕಾಶಪ್ಪನ ಜೊತೆ ಇದ್ದಳು. ಹಜಾಮ ಜಹಾಂಗೀರ ಬೇವಿನ ಗಿಡದ ಕೆಳಗೆ ಕಾಶಪ್ಪನ ಗಡ್ಡ ಮಾಡುತ್ತಿದ್ದ. ಅವರ ಅಪ್ಪನ ಕಾಲದಿಂದ ಆ ಮನೆಯ ತಲೆಗಳೆಲ್ಲ ಅವನ ಕೈಯಲ್ಲೇ. ದೇವೀಂದ್ರಪ್ಪ ಹಾಳೆ ತೋರಿಸಿದ. ಜಹಾಂಗೀರ ಓದಲು ಬಾರದವನು, ಚಿತ್ರವನ್ನು ಮಾತ್ರ ನೋಡಿದ, ಆಮೇಲೆ ಇವನ ತಲೆಯನ್ನು.

"ಬೀಜ ಎರಡು ಸೇರ ಅದ, ಹೊಲ ಎಂಟು ಎಕರೆ ಅದ. ಹ್ಯಾಂಗ ಬಿತ್ತತಿ ದೇವಿಂದ್ರಣ್ಣ? ಹಣಿ ಮ್ಯಾಲ ಜರಾ ಹೋಗಿದ್ರ ಬ್ಯಾರೆ ಮಾತು. ನಿಂದು ಪೂರಾ ಹೋಗ್ಯಾದ. ಹಿಂದಿಂದು ಕಿತ್ತಿದ್ರ ಹಿಂದೂ ಖಾಲಿ, ಮುಂದ ಅಲ್ಲೊಂದು ಇಲ್ಲೊಂದು. ಫಾಲ್ತು ಕೆಲಸ."

"ನೀ ಹಜಾಮ, ನಿನಗೇನು ತಿಳೀತದ? ನನ್ನ ತಲ್ಯಾಗ ಕೂದಲ ಬಂದ್ರ ನಿನಗ ಕೆಲಸ ಹೆಚ್ಚಾಗ್ತದ, ಅದಕ್ಕ ಹೊಟ್ಟಿಉರಿ."

"ನನಗ ವರ್ಷದ ಕೂಲಿ ಜೋಳ ಮನಿ ಲೆಕ್ಕದಾಗ ಬರ್ತದಪಾ, ತಲಿ ಲೆಕ್ಕದಾಗ ಅಲ್ಲ" ಎಂದು ಜಹಾಂಗೀರ ನಕ್ಕ.

ಹೊಸ್ತಿಲಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದ ಮರೆಮ್ಮ ಮೊರ ಕೆಳಗಿಟ್ಟಳು. "ನಿಮ್ಮಪ್ಪಂದೂ ಹಿಂಗೇ ಇತ್ತು. ಎಣ್ಣಿ ಹಚ್ಚಿ ಕುಂತ್ರ ಸಂಜೀ ಸೂರ್ಯ ಅದರಾಗ ಕಾಣ್ತಿದ್ದ. ನನಗ ಚೊಲೋ ಅನಸ್ತಿತ್ತು."

"ನೀ ಸುಮ್ ಕುಂದ್ರಬೇ!" ಎಂದು ದೇವೀಂದ್ರಪ್ಪ ಅಂಗಳ ಅದುರುವ ಹಾಗೆ ಕೂಗಿದ. ಮರೆಮ್ಮ ಮತ್ತೆ ಮೊರ ಎತ್ತಿಕೊಂಡಳು.

ಅಂಬುಬಾಯಿಗೆ ಯೂನಿಯನ್ ಕೆಲಸ ಎಂದು ಸುಳ್ಳು ಹೇಳಿ, ಎರಡು ದೀಪಾವಳಿಯ ಬೋನಸ್ ಸೊಂಟಕ್ಕೆ ಕಟ್ಟಿಕೊಂಡು ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿದ. ಬೊಂಬಾಯಿಯ ಡಾಕ್ಟರು ವಯಸ್ಸಾದವನು, ಮೋಸಗಾರನಲ್ಲ. ತಲೆಯನ್ನು ಆಚೆ ಈಚೆ ತಿರುಗಿಸಿ, ಹಿಂದಿನ ಪಟ್ಟಿಯನ್ನು ಬೆರಳಿನಿಂದ ಅಳೆದು, ಹಿಂದಿಯಲ್ಲಿ ಬಿಡಿಸಿ ಹೇಳಿದ: ಇಂಥ ತಲೆಗೆ ಇದು ಸರಿಹೋಗುವುದಿಲ್ಲ. ಹಿಂದೆ ಇರುವುದೇ ಸ್ವಲ್ಪ. ಮುಂದೆ ಒಂದೆರಡು ಸಾಲು ಕೂರಿಸಬಹುದು, ನೆತ್ತಿ ಬೋಳಾಗಿಯೇ ಇರುತ್ತದೆ. ಹಿಂದೆ ಗುಳಿ ಬೀಳುತ್ತವೆ, ಕೂದಲು ಸಣ್ಣಗೆ ಕತ್ತರಿಸಿದರೆ ಕಾಣುತ್ತವೆ. ಊರಿಗೆ ಹೋಗು, ವಿಚಾರ ಮಾಡು.

ಇಷ್ಟರಲ್ಲಿ ದೇವೀಂದ್ರಪ್ಪನ ಕಿವಿಗೆ ಬಿದ್ದದ್ದು 'ಮುಂದೆ ಒಂದೆರಡು ಸಾಲು' ಎಂಬುದು ಮಾತ್ರ. "ಮುಂದ ಬಂದ್ರ ಸಾಕ್ರಿ, ಹಿಂದ ಯಾರು ನೋಡ್ತಾರ" ಎಂದು ಬಂದಷ್ಟು ಹಿಂದಿಯಲ್ಲಿ ಹೇಳಿ, ಕಾಗದದ ಮೇಲೆ ಸಹಿ ಗೀಚಿದ. ನೆತ್ತಿಗೆ ಟೋಪಿ ಇದ್ದೇ ಇದೆ ಎಂಬುದು ಅವನ ಎಣಿಕೆ.

ಸೂಜಿ ಚುಚ್ಚಿ ಮರಗಟ್ಟಿಸಿದರು. ಕೊಳವೆಯಂಥ ದುಂಡನೆಯ ಕತ್ತಿಯಿಂದ ತಲೆಯ ಹಿಂದೆ ಜೋಳದ ಕಾಳಿನಷ್ಟು ದಪ್ಪದ ತುಣುಕುಗಳನ್ನು ತೆಗೆದು, ಮುಂದೆ ಅಷ್ಟೇ ತೂತು ಕೊರೆದು ಕೂರಿಸಿದರು. ನೋವಿಗಿಂತ ಸದ್ದು ಹೆಚ್ಚು. ರಾವೂರ ಖಣಿಯಲ್ಲಿ ಮದ್ದು ತುಂಬಲು ಕಲ್ಲು ಕೊರೆಯುವ ಸದ್ದು ಬುರುಡೆಯೊಳಗೇ ಕೇಳಿಸಿದ ಹಾಗಾಯಿತು. ಒಂದು ತಿಂಗಳಿಗೆ ಕೂರಿಸಿದ ಕೂದಲೆಲ್ಲ ಉದುರಿತು. ಹಾಗಾಗುತ್ತದೆ, ಮತ್ತೆ ಬರುತ್ತದೆ ಎಂದು ಡಾಕ್ಟರು ಹೇಳಿದ್ದು ನೆನಪಿಗೆ ಬರಲಿಲ್ಲ. ಇಸಾಕನ ಕೊರಳಪಟ್ಟಿ ಹಿಡಿದ. ನಾಲ್ಕನೆಯ ತಿಂಗಳಿಗೆ ನಿಜವಾಗಿ ಮೊಳೆಯಿತು. ಮತ್ತೊಮ್ಮೆ ಹೋಗಿ ಎರಡನೆಯ ಸಾಲು ಹಾಕಿಸಿಕೊಂಡು ಬಂದ.

ಬಂದದ್ದು ಹೇಗಿತ್ತು ಎಂದರೆ, ಫರಸಿ ಹಾಸಿದ ಅಂಗಳದ ಸಂದಿಗಳಲ್ಲಿ ಹುಲ್ಲು ಎದ್ದ ಹಾಗೆ. ಗಿಡ್ಡ ಗಿಡ್ಡ ಗೊಂಚಲು, ನಡುವೆ ಬಯಲು. ಅದರ ಹಿಂದೆ ನೆತ್ತಿ ಮೊದಲಿನ ಹಾಗೆಯೇ. ಆದರೆ ಟೋಪಿಯನ್ನು ಎರಡು ಬೆರಳು ಹಿಂದೆ ಸರಿಸಿ ಹಾಕಿ, ಮುಂದಿನ ಕೂದಲನ್ನು ಹಣೆಯ ಮೇಲೆ ಇಳಿಬಿಟ್ಟರೆ, ನೋಡಿದವರು ಈ ಟೋಪಿಯ ಕೆಳಗೆ ಕಾಡೇ ಇದೆ ಎನ್ನಬೇಕು! ದೇವೀಂದ್ರಪ್ಪ ಬಾಚಣಿಗೆ ಕೊಂಡು ಅಂಗಿಯ ಕಿಸೆಯಲ್ಲಿ ಹಲ್ಲು ಕಾಣುವ ಹಾಗೆ ಇಟ್ಟುಕೊಂಡ. ಹಿಂದಿನ ಗುಳಿಗಳನ್ನು ಮುಚ್ಚಲು ಅಲ್ಲಿಯ ಕೂದಲನ್ನು ಕಾಲರ್‌ವರೆಗೆ ಬೆಳೆಸಿದ. ಹಜಾಮರಿಗೆ ತಲೆ ಕೊಡುವುದನ್ನೇ ಬಿಟ್ಟ, ಬಾಗಿಲು ಹಾಕಿಕೊಂಡು ತಾನೇ ಕತ್ತರಿ ಆಡಿಸಿಕೊಂಡ.

"ಹ್ಯಾಂಗದ?" ಎಂದು ಕೇಳಿದರೆ ಅಂಬುಬಾಯಿ ರೊಟ್ಟಿ ಬಡಿಯುತ್ತಲೇ "ಚೊಲೋ ಅದ" ಎನ್ನುತ್ತಿದ್ದಳು. ತಲೆ ಎತ್ತಿ ನೋಡುತ್ತಿರಲಿಲ್ಲ. ಒಂದು ವರ್ಷ ಹೀಗೇ ಸುಖದಲ್ಲಿ ಕಳೆಯಿತು. ಸುಳ್ಳು ಹೇಳಬಾರದು, ಅದು ಸುಖವೇ ಆಗಿತ್ತು.

ಎಂಬತ್ತೆರಡರಲ್ಲಿ ಎಳ್ಳಮಾಸಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಮರೆಮ್ಮ ತೀರಿಕೊಂಡಳು. ಮಣ್ಣು ಮಾಡಿದ ಮೂರನೆಯ ದಿನ ಬೆಳಿಗ್ಗೆ ಕಾಗಿಣಾ ದಂಡೆಯಲ್ಲಿ ಕುಲದವರು, ಬೀಗರು ಎಂದು ಮೂವತ್ತು ಗಂಡಸರು ಸೇರಿದರು. ಅವರ ಮನೆತನದಲ್ಲಿ ಪದ್ಧತಿ ಹೀಗೆ: ಹಿರಿಯ ಮಗ ತಲೆ, ಮೀಸೆ ಬೋಳಿಸಿ, ಆ ಕೂದಲನ್ನು ಹೊಳೆಗೆ ಬಿಟ್ಟು, ಮುಳುಗಿ ಎದ್ದು, ಹಸಿ ಮೈಯಲ್ಲಿ ಹೂಳಿದ ಗುಂಡಿಯ ಮೇಲೆ ಮೊದಲ ಹಾಲು ತುಪ್ಪ ಎರೆಯಬೇಕು. ಹೆತ್ತವರಿಗೆ ಮಗ ಕೊಡುವುದು ಅದೊಂದೇ. ಅಪ್ಪ ಸತ್ತಾಗ ದೇವೀಂದ್ರಪ್ಪ ಹತ್ತೊಂಬತ್ತರ ಹುಡುಗ, ತಲೆ ತುಂಬ ಇದ್ದುದನ್ನು ಕೊಟ್ಟಿದ್ದ.

ಕಲ್ಲಿನ ಮೇಲೆ ಕುಳಿತ. ಜಹಾಂಗೀರ ಟೋಪಿ ತೆಗೆದು ಅವನ ಮಡಿಲಲ್ಲಿಟ್ಟ, ತಂಬಿಗೆಯಿಂದ ನೀರು ಹಾಕಿ ಕೂದಲು ನೆನೆಸತೊಡಗಿದ. ಬೆರಳು ಹಿಂದಕ್ಕೆ ಹೋಯಿತು. ಅಲ್ಲಿ ನಿಂತಿತು. ಒಂದು ಗುಳಿ, ಇನ್ನೊಂದು, ಮತ್ತೊಂದು. ಜಹಾಂಗೀರ ಬಗ್ಗಿ ಕಿವಿಯಲ್ಲಿ ಹೇಳಿದ:

"ಗಾಬರಿ ಆಗಬ್ಯಾಡ. ನಾ ಮೈ ಅಡ್ಡ ನಿಂದರ್ತೀನಿ. ತೆಗೆದ ಕೂಡಲೇ ಟವೆಲ್ ಸುತ್ತತೀನಿ. ಯಾರಿಗೂ ಕಾಣಂಗಿಲ್ಲ."

ದೇವೀಂದ್ರಪ್ಪ ತಲೆ ಎತ್ತಿದ. ಎದುರಿಗೆ ಬೀಗರ ಗುಂಪು, ಗುಂಪಿನ ಮುಂದೆ ಚಂದ್ರಾಮಪ್ಪ ಕೈಕಟ್ಟಿ ನಿಂತಿದ್ದ. ಹಂದರದ ನಗೆ ಕಿವಿಯಲ್ಲಿ ಭರ್ರೆಂದಿತು. ಮುಳುಗಿ ಎದ್ದಾಗ ಟವೆಲ್ ಎಲ್ಲಿರುತ್ತದೆ? ಬೋಳಿಸಿದ ತಲೆಯ ಹಿಂದೆ ಗುಳಿ ಗುಳಿ, ಮುಂದೆ ಸಾಲುಸಾಲು ಕಪ್ಪು ಚುಕ್ಕೆ, ಮೂವತ್ತು ಜನ ಹೊಳೆಯ ದಂಡೆಯಲ್ಲಿ ನಿಂತು ನೋಡುತ್ತಾರೆ.

ಜಹಾಂಗೀರನ ಮುಂಗೈ ಹಿಡಿದ. "ತೆಗೀಬ್ಯಾಡ."

"ಯಾಕಪಾ?" ಎಂದ ಕುಲದ ಹಿರಿಯ ಸಂಗಣ್ಣ.

"ಡಾಕ್ಟರ್ ಬ್ಯಾಡ ಅಂದಾನ. ತಲಿಗೆ ಬ್ಯಾನಿ ಅದ. ಕತ್ತಿ ಹಚ್ಚಿದ್ರ ಸೆಪ್ಟಿಕ್ ಆಗ್ತದ."

ಡಾಕ್ಟರು ಹಾಗೆ ಹೇಳಿರಲಿಲ್ಲ. ಬೋಳಿಸಿದರೂ ಮತ್ತೆ ಬರುತ್ತದೆ ಎಂದೇ ಹೇಳಿದ್ದ. ಜಹಾಂಗೀರ ಕತ್ತಿಯನ್ನು ನೋಡುತ್ತ ನಿಂತ.

"ಹಿರೀ ಮಗ ಅದಿಯೋ ನೀ" ಎಂದ ಸಂಗಣ್ಣ, ಮೆತ್ತಗೆ. "ಇದ್ದಷ್ಟು ಕೊಡು. ನಿಮ್ಮವ್ವೇನು ಎಣಿಸಿ ತಗೋತಾಳೇನು?"

"ನನ್ನ ತಲಿ, ನನ್ನ ಅವ್ವ! ನಿಮಗ್ಯಾಕ ಬೇಕ್ರಿ ನಡುವ?"

ಹೊಳೆಯ ಆಚೆ ದಂಡೆಗೂ ಕೇಳಿಸುವ ಹಾಗೆ ಕೂಗಿದ್ದ. ಯಾರೂ ನಗಲಿಲ್ಲ. ನಕ್ಕಿದ್ದರೆ ಒಬ್ಬನನ್ನಾದರೂ ಹಿಡಿದು ಬಡಿಯಬಹುದಿತ್ತು. ಎಲ್ಲರೂ ನೀರಿನ ಕಡೆ ನೋಡುತ್ತಿದ್ದರು, ಚಂದ್ರಾಮಪ್ಪ ಕೂಡ.

ಆಗ ಕಾಶಪ್ಪ ಬಂದು ಪಕ್ಕದ ಕಲ್ಲಿನ ಮೇಲೆ ಕುಳಿತ. ದಟ್ಟ ಕರಿ ಕೂದಲಿನ ತಲೆ. ಹೋದ ವಾರ ಅವ್ವನೇ ಎಣ್ಣೆ ತಟ್ಟಿದ್ದಳು.

"ನಂದು ತೆಗೀ ಜಹಾಂಗೀರ ಕಾಕಾ. ಅಣ್ಣಂದೂ ಇದರಾಗೇ ಬರ್ಲಿ."

ಕತ್ತಿ ಸರ್ರನೆ ಆಡಿತು. ಕೂದಲು ಗೊಂಚಲು ಗೊಂಚಲಾಗಿ ಮರಳಿನ ಮೇಲೆ ಬಿತ್ತು. ದೇವೀಂದ್ರಪ್ಪ ಮಡಿಲಲ್ಲಿದ್ದ ಟೋಪಿ ತಲೆಗೇರಿಸಿಕೊಂಡ. ನೆನೆದ ಕೂದಲಿನಿಂದ ನೀರು ಬೆನ್ನಿನೊಳಗೆ ಇಳಿಯುತ್ತಿತ್ತು. ಮೊದಲ ಹಾಲು ಕಾಶಪ್ಪ ಎರೆದ. ಎರಡನೆಯದನ್ನು ದೇವೀಂದ್ರಪ್ಪ ಎರೆಯುವಾಗ ಅರ್ಧ ಹಾಲು ತನ್ನ ಪಾದದ ಮೇಲೆಯೇ ಬಿತ್ತು.

ಐದಾರು ವರ್ಷಕ್ಕೆ ಮುಂದಿನ ಸಾಲುಗಳು ಬೇಲಿಯ ಹಾಗೆ ಉಳಿದವು, ಬೇಲಿಯೊಳಗೆ ಕಾಯಲು ಏನೂ ಇರಲಿಲ್ಲ. ಹಿಂದಿನ ಪಟ್ಟಿಯೂ ತೆಳುವಾಗಿ, ಎಷ್ಟು ಬೆಳೆಸಿದರೂ ಗುಳಿ ಇಣುಕಿದವು. ಫ್ಯಾಕ್ಟರಿಯ ಹೊಸ ಹುಡುಗರು ಗುಟ್ಟಾಗಿ ಬಂದು "ಕಾಕಾ, ನಾವೂ ಹೋಗಬೇಕೇನು?" ಎಂದು ಕೇಳುತ್ತಿದ್ದರು. ಮೊದಲಾಗಿದ್ದರೆ ಓಡಿಸುತ್ತಿದ್ದ. ಈಗ ಅವರ ತಲೆಯನ್ನು ಬೆಳಕಿಗೆ ತಿರುಗಿಸಿ ನೋಡಿ, "ಹಣೀ ಮ್ಯಾಲ ಅಷ್ಟೇ ಹೋಗಿದ್ರ ಹೋಗು. ಪೂರಾ ಹೋದವಗ ಬ್ಯಾಡ, ದಂಡ" ಎನ್ನುತ್ತಿದ್ದ. ಉಳಿದದ್ದನ್ನು ಹೇಳುತ್ತಿರಲಿಲ್ಲ.

ಒಂದು ಭಾನುವಾರ ದಂಡೋತಿಯಲ್ಲಿ ಜಹಾಂಗೀರನ ಮುಂದೆ ಹೋಗಿ ಟೋಪಿ ತೆಗೆದು ಕುಳಿತ. "ಎಲ್ಲಾ ತೆಗೆದುಬಿಡು ಕಾಕಾ. ಹೊಳಿಗೆ ಬಿಟ್ಟು ಬರ್ತೀನಿ."

ಮುದುಕ ಕತ್ತಿಯನ್ನು ಅಂಗೈಗೆ ತೀಡಿದ. "ತೆಗೀತೀನಿ. ಆದ್ರ ಇದು ಬರೇ ಹಜಾಮತಿ ಆಗ್ತದ ದೇವಿಂದ್ರಣ್ಣ. ಅವ್ವಂದು ಆಗಂಗಿಲ್ಲ. ಮೂರನೇ ದಿನ ಒಂದೇ ಸಲ ಬರ್ತದ."

ದೇವೀಂದ್ರಪ್ಪ ಎದ್ದು ಬಂದ.

ಆ ವರ್ಷದ ಎಳ್ಳಮಾಸಿಗೆ ಹೊಲದಲ್ಲಿ ಅಣ್ಣತಮ್ಮ ಊಟಕ್ಕೆ ಕುಳಿತಾಗ, ದೇವೀಂದ್ರಪ್ಪ ರೊಟ್ಟಿ ಮುರಿಯುತ್ತ ಬಾಯಿ ತೆರೆದ. "ಕಾಶಾ, ಅವತ್ತು ಹೊಳಿ ದಂಡ್ಯಾಗ ನೀ…"

"ಭಜ್ಜಿ ಪಲ್ಯ ಹಾಕ್ಕೋ ಅಣ್ಣಾ, ಆರಿ ಹೋಗ್ತದ" ಎಂದ ಕಾಶಪ್ಪ. ಅವನ ಕೂದಲು ಮೊದಲಿಗಿಂತ ದಟ್ಟವಾಗಿ ಬಂದಿತ್ತು. "ಆ ತುದೀ ತೊಗರಿಗೆ ಹುಳ ಬಿದ್ದದ, ನೋಡಿದೇನು? ಎರಡು ಸಲ ಔಷಧ ಹೊಡೀಬೇಕು."

ದೇವೀಂದ್ರಪ್ಪ ಭಜ್ಜಿ ಹಾಕಿಕೊಂಡ. ಅವ್ವನಿಗೆ ತಾನು ಕೊಡಬೇಕಾಗಿದ್ದದ್ದು, ತನ್ನ ಬದಲಿಗೆ ತಮ್ಮ ಕೊಟ್ಟದ್ದು, ಎರಡರ ಋಣವೂ ತೀರಲಿಲ್ಲ. ತೊಗರಿಯ ಕಡೆ ನೋಡಿ, "ಹೂಂ, ಹುಳ ಬಿದ್ದದ" ಎಂದ.