ಕಿಟಕಿಯಿಲ್ಲದ ಕೋಣೆಯ ಅಂದಾಜು

ನಮ್ಮ ಯಜಮಾನರ ಕಂಟ್ರೋಲ್ ರೂಮಿಗೆ ಕಿಟಕಿಯಿಲ್ಲ. ಕಲ್ಲಿದ್ದಲಿನಿಂದ ಎಷ್ಟು ಕರೆಂಟು ಬಂತು, ನೀರಿನಿಂದ ಎಷ್ಟು, ಗಾಳಿಯಿಂದ ಎಷ್ಟು ಎಂದು ಗಂಟೆಗೊಮ್ಮೆ ಬರೆದುಕೊಂಡು, ಮಧ್ಯಾಹ್ನ ನಮ್ಮ ಊರಿಗೆ ಬೇಕಾಗುವ ಕರೆಂಟಿನ ಅಂದಾಜನ್ನು ಬೆಳಿಗ್ಗೆ ಹನ್ನೊಂದರೊಳಗೆ ಹೇಳುವುದು ಅವರ ಕೆಲಸ. ಇಪ್ಪತ್ತೆಂಟು ವರ್ಷ ಅದು ಹೆಚ್ಚುಕಡಿಮೆ ತಪ್ಪಿದ್ದಿಲ್ಲ. ಮನೆಯಲ್ಲಿ ಉಪ್ಪು ಎಲ್ಲಿದೆ ಎಂದು ಕೇಳಿದರೆ ಮಾತ್ರ ಕಣ್ಣುಕಣ್ಣು ಬಿಡುತ್ತಾರೆ.

ಎರಡು ತಿಂಗಳಿಂದ ಅಂದಾಜು ಮೇಲಿಂದ ಮೇಲೆ ಕೈಕೊಡತೊಡಗಿತು. ಸೋಮವಾರವೂ ತಪ್ಪಿದರೆ ಹಳೇ ಕಡತಗಳ ಕೋಣೆಗೆ ಕಳಿಸುತ್ತೇನೆ ಎಂದು ಮೇಲಧಿಕಾರಿ ಹೇಳಿಬಿಟ್ಟರು. ಆ ಶನಿವಾರ ಇವರು ಸರಿಯಾಗಿ ಊಟ ಮಾಡಲಿಲ್ಲ.

"ಬಿಸಿಲು ಜಾಸ್ತಿ ಇದ್ರೆ ಫ್ಯಾನು ಜಾಸ್ತಿ ತಿರುಗ್ಬೇಕು ತಾನೆ? ಮಟಮಟ ಮಧ್ಯಾಹ್ನ ಕರೆಂಟು ಕೇಳೋರೇ ಇಲ್ಲ ಕಣೇ. ಮೋಡ ಬಂದ್ರೆ ಎಲ್ಲರೂ ಒಟ್ಟಿಗೆ ಮುಗಿಬೀಳ್ತಾರೆ. ಜನ ಬದಲಾದ್ರೋ, ನಂಗೇ ತಲೆ ಕೆಟ್ಟಿದೆಯೋ?"

ನನಗೇನು ಗೊತ್ತು? ಪಾಪ ಎನಿಸಿತು, ಅಷ್ಟೆ.

ಭಾನುವಾರ ಒಣಗಿದ ಬಟ್ಟೆ ತರಲು ಇವರನ್ನು ತಾರಸಿಗೆ ಅಟ್ಟಿದೆ. ಎಷ್ಟು ಹೊತ್ತಾದರೂ ಇಳಿಯಲಿಲ್ಲ. ಹೋಗಿ ನೋಡಿದರೆ, ಹೆಗಲ ಮೇಲೆ ನನ್ನ ಸೀರೆ ಹಾಕಿಕೊಂಡು ಗರಬಡಿದವರಂತೆ ನಿಂತಿದ್ದರು.

"ಈ ಸೋಲಾರು ಯಾವಾಗ ಬಂತು?"

"ಮೂರು ತಿಂಗಳಾಯ್ತು. ನಿಮ್ಮನ್ನ ಕೇಳೇ ಹಾಕ್ಸಿದ್ದು. ಪೇಪರ್ ಓದ್ತಾ 'ಹೂಂ' ಅಂದ್ರಲ್ಲ!"

ಅವರು ಸುತ್ತ ನೋಡಿದರು. ಎದುರುಮನೆ, ಪಕ್ಕದ ಮನೆ, ಬೀದಿಯುದ್ದಕ್ಕೂ ಸೋಲಾರ್ ಹಲಗೆಗಳು ಹೊಳೆಯುತ್ತಿದ್ದವು.

"ಬಿಸಿಲಿದ್ರೆ ಎಲ್ಲರೂ ಮನೇಲೇ ಕರೆಂಟು ಮಾಡ್ಕೋತಾರೆ. ಇದ್ಯಾವುದೂ ನನ್ನ ಮೀಟರಿಗೆ ಕಾಣಲ್ಲ," ಎಂದು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತರು. ಹೆಗಲ ಮೇಲಿನ ಸೀರೆ ಮಡಚುತ್ತಾ ಸಣ್ಣ ದನಿಯಲ್ಲಿ, "ಹಂಗಾದ್ರೆ ಹಗಲೊತ್ತು ನಾನು ಕಳ್ಸೋ ಕರೆಂಟು ನಿಂಗೆ ಬೇಡ್ವಾ?" ಎಂದರು.

ನಗು ಬಂತು, ಜೊತೆಗೆ ಸಂಕಟವೂ ಆಯಿತು. "ರಾತ್ರಿಗೆ ಬೇಕಲ್ಲ, ಏಳಿ," ಎಂದೆ.

ಸೋಮವಾರ ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಫೋನು ಬಂತು. ಡ್ಯೂಟಿಯಿಂದ ಅವರು ಮನೆಗೆ ಫೋನು ಮಾಡಿದವರೇ ಅಲ್ಲ. ಒದ್ದೆ ಕೈಯಲ್ಲೇ ಎತ್ತಿಕೊಂಡೆ.

"ತಾರಸಿ ಮೇಲೆ ಬಿಸಿಲಿದೆಯೇನೇ?"

ಓಡಿಹೋಗಿ ನೋಡಿದೆ. "ಇಲ್ಲ, ಮೋಡ ಕವಿದಿದೆ."

ಅಂದಾಜನ್ನು ಏರಿಸಿ ಬರೆದರಂತೆ; ಅದು ಸರಿಬಂತು, ಕುರ್ಚಿ ಉಳಿಯಿತು. ಅಂದಿನಿಂದ ಡ್ಯೂಟಿಯಿದ್ದ ದಿನವೆಲ್ಲ ಅದೇ ಹೊತ್ತಿಗೆ ಫೋನು ಬರುತ್ತದೆ. ಖುಷಿಪಡಬೇಕೋ ಸಿಟ್ಟಾಗಬೇಕೋ ನನಗಿನ್ನೂ ತಿಳಿದಿಲ್ಲ. ಹತ್ತೂವರೆಗೇ ತಾರಸಿಗೆ ಹೋಗಿ ನಿಂತಿರುತ್ತೇನೆ.